ರುಚಿ ನೋಡದ ಹಸಿರು

ಜಯಲಕ್ಷ್ಮೀ ಈಳಿಗೆಮಣೆಯ ಮುಂದೆ ಕೂತು ಎಳೆ ಸೌತೆಕಾಯಿ ಹೆಚ್ಚತೊಡಗಿದರೆ ತ್ರಿಪ್ಲಿಕೇನಿನ ಆ ಇಕ್ಕಟ್ಟು ಓಣಿಯಲ್ಲಿ ಎದುರುಮನೆಯವರಿಗೂ ಪರಿಮಳ ಮುಟ್ಟುತ್ತಿತ್ತು. ಅವರ ಕೋಸಂಬರಿಯನ್ನು ಮಠದವರೂ ಕೇಳಿ ಮಾಡಿಸಿಕೊಳ್ಳುತ್ತಿದ್ದರು. ಬೇಳೆ ನೆನೆದು ಉಬ್ಬಿರಬೇಕು, ಆದರೂ ಹಲ್ಲಿಗೆ ಸಿಕ್ಕಿ ಮುರಿಯಬೇಕು. ಉಪ್ಪು ಕಟ್ಟಕಡೆಗೆ ಬೀಳಬೇಕು, ಇಲ್ಲವಾದರೆ ನೀರು ಬಿಡುತ್ತದೆ. ಬಾಯಿಗಿಟ್ಟು ನೋಡುವಂತೆಯೂ ಇರಲಿಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ಅಡುಗೆಯ ಒಂದು ಅಗುಳೂ ನಾಲಿಗೆಗೆ ತಾಗಬಾರದೆಂಬುದು ಮಾಧ್ವರ ಮನೆಯ ಕಟ್ಟು. ಹಾಗಾಗಿ ಅವರ ರುಚಿಯೆಲ್ಲ ಬೆರಳಿನಲ್ಲಿತ್ತು. ಟೆಲಿಫೋನ್ ಕಚೇರಿಯ ಕೆಲಸಕ್ಕೆ ಓಡುತ್ತಿದ್ದ ವರ್ಷಗಳಲ್ಲೂ ಆ ಬೆರಳು ಅವರಿಗೆ ಕೈಕೊಟ್ಟಿರಲಿಲ್ಲ.

ನಿವೃತ್ತಿಯ ನಂತರ ಗಂಡ ಹರಿದಾಸರೊಂದಿಗೆ ಅದೇ ಊರಿನ ಇನ್ನೊಂದು ತುದಿಗೆ, ಮಗ ಗುರುಚರಣನ ವೇಲಚೇರಿಯ ಫ್ಲ್ಯಾಟಿಗೆ ಬಂದರು. ಅಲ್ಲಿ ಬೆಳಗಾಗುತ್ತಿದ್ದುದು ಮಿಕ್ಸಿಯ ಸದ್ದಿನಿಂದ. ಮೈಸೂರಿನಿಂದ ಬಂದ ಸೊಸೆ ಸುಮೇಧಾ ಪಾಲಕ್, ಸೌತೆಕಾಯಿ, ಹಸಿರು ಸೇಬು, ಒಂದು ಚೂರು ಶುಂಠಿ ಎಲ್ಲವನ್ನೂ ರುಬ್ಬಿ ಎತ್ತರದ ಗ್ಲಾಸಿಗೆ ಸುರಿದು, ನಿಂತಲ್ಲೇ ಕುಡಿದು ಆಫೀಸಿಗೆ ಹೊರಡುವವಳು.

“ಹಲ್ಲಿರೋರಿಗೆ ಯಾಕೇ ಇದು?” ಎಂದು ಜಯಲಕ್ಷ್ಮೀ ಕೇಳುವರು. “ಹಸುವಾದರೂ ಅಗಿದು ತಿಂತದೆ.”

“ಹಸುಗೆ ಒಂಬತ್ತು ಗಂಟೆಗೆ ಮೀಟಿಂಗ್ ಇರಲ್ವಲ್ಲ ಅತ್ತೆ.”

“ಕೂತು ನಿಧಾನವಾಗಿ ತಿನ್ನು. ಕೋಸಂಬರಿ ಮಾಡಿಟ್ಟಿದೀನಿ.”

“ಅದನ್ನ ಡಬ್ಬಿಗೆ ಹಾಕಿಕೊಡಿ. ಆಫೀಸಲ್ಲಿ ಎಲ್ರೂ ಸಲಾಡ್ ಅಂತ ಕಿತ್ಕೊಂಡು ತಿಂತಾರೆ.”

ಸಲಾಡ್ ಎಂಬ ಮಾತು ಜಯಲಕ್ಷ್ಮೀಗೆ ಹಿಡಿಸದಿದ್ದರೂ ಡಬ್ಬಿ ಖಾಲಿಯಾಗಿ ಬರುವುದು ಹಿಡಿಸುತ್ತಿತ್ತು. ಹರಿದಾಸರು ಪತ್ರಿಕೆಯ ಮರೆಯಿಂದ, “ಹೆಸರು ಏನಾದರೇನು, ತಿಂದೋರು ಏನೂ ದೂರದೆ ಚುಮ್ಮಾ ಇದಾರಲ್ಲ, ಬಿಡು,” ಎನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ಜಯಲಕ್ಷ್ಮೀಯ ದವಡೆ ಹಲ್ಲುಗಳು ಅಲುಗಾಡತೊಡಗಿದವು. ಸೌತೆಕಾಯಿಯ ಹೋಳು ಕಚ್ಚಿದರೆ ನೋವು ಕಿವಿಯವರೆಗೆ ಏರುತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ. ತಮ್ಮ ಅತ್ತೆಯ ಕೊನೆಯ ದಿನಗಳು ಅವರಿಗೆ ನೆನಪಿದ್ದವು. ಹಲ್ಲು ಹೋದ ಮೇಲೆ ಆ ಹಿರಿಯ ಜೀವಕ್ಕೆ ಮೂಲೆಯಲ್ಲಿ ಒಂದು ಲೋಟ ಗಂಜಿ ಇಟ್ಟರೆ ಆಯಿತು. ಎಲೆಯ ಮುಂದೆ ಕೂರಿಸುವುದು ನಿಂತಿತು, ಬರಬರುತ್ತ ಉಪ್ಪು ಎಷ್ಟು ಹಾಕಲಿ ಎಂದು ಕೇಳುವುದೂ ನಿಂತಿತು. ಕೇಳದೆ ಬಿಟ್ಟವರಲ್ಲಿ ತಾವೂ ಒಬ್ಬರು. ಆ ಲೋಟ ಈಗ ತಮ್ಮ ಕಡೆಗೆ ಬರುತ್ತಿದೆ ಎಂದು ಜಯಲಕ್ಷ್ಮೀಗೆ ಅನಿಸುತ್ತಿತ್ತು. ಅದಕ್ಕೇ ತಮ್ಮ ಪಾಲಿನ ಕೋಸಂಬರಿಯನ್ನು ಮೊಮ್ಮಗಳು ಮಾನ್ಯಾಳ ತಟ್ಟೆಗೆ ಸದ್ದಿಲ್ಲದೆ ಜಾರಿಸುತ್ತಿದ್ದರು.

ಗುಟ್ಟು ಬಿಟ್ಟುಕೊಟ್ಟವಳು ಮಾನ್ಯಾಳೇ. “ಪೋದುಂ ಪಾಟಿ,” ಎಂದು ಒಂದು ರಾತ್ರಿ ತಟ್ಟೆಗೆ ಕೈ ಅಡ್ಡ ಹಿಡಿದಳು. ಸಾಕು ಅಜ್ಜಿ, ದಿನಾ ನಿಮ್ಮದೆಲ್ಲ ನನಗೇ ಹಾಕುತ್ತೀರಿ ಎಂದು ತಾನು ಹುಟ್ಟಿ ಬೆಳೆದ ಊರಿನ ತಮಿಳಿನಲ್ಲಿ ದೂರಿದಳು. ಸುಮೇಧಾ ಅತ್ತೆಯ ಮುಖ ನೋಡಿದಳು.

ಆ ವಾರವೇ ಏಕಾದಶಿ ಬಂತು. ಜಯಲಕ್ಷ್ಮೀ ಎಂದಿನಂತೆ ನಿರಾಹಾರವಿದ್ದರು. ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪು ಬೇಕೇ ಬೇಕು. ಹರಿದಾಸರು ರೈಲು ಹತ್ತಿ ತ್ರಿಪ್ಲಿಕೇನಿಗೆ ಹೋಗಿ ಸೊಪ್ಪು ಮಾರುವ ಹಳೆಯ ಕೀರೆಯವಳ ಹತ್ತಿರವೇ ಎರಡು ಕಟ್ಟು ತಂದರು. ನಾರುನಾರಾದ ಆ ಸೊಪ್ಪಿನ ಪಲ್ಯವನ್ನು ಎಲ್ಲರೆದುರು ನುಂಗುವುದು ಹೇಗೆಂಬ ಚಿಂತೆಯಲ್ಲಿ ಜಯಲಕ್ಷ್ಮೀಗೆ ಹಸಿವು ಕೂಡ ಮರೆತುಹೋಯಿತು.

ಬೆಳಕು ಹರಿಯುವ ಮುಂಚೆ ಎದ್ದು, ಮಿಂದು ಬಂದು ನೋಡಿದರೆ ಸುಮೇಧಾ ಆಗಲೇ ಸ್ನಾನ ಮಾಡಿ, ಮಡಿಯುಟ್ಟು ಒಲೆಯ ಮುಂದೆ ನಿಂತಿದ್ದಳು. ಅನ್ನ, ತೊವ್ವೆ ಆಗಿತ್ತು. “ಇವತ್ತು ಸೊಪ್ಪು ನನಗೆ ಬಿಡಿ ಅತ್ತೆ,” ಎಂದಳು. ಮಡಿಗೆಂದೇ ಕೊಂಡ ಹೊಸ ಜಾರಿನಲ್ಲಿ ಅಗಸೆ ಸೊಪ್ಪು, ನೆಲ್ಲಿಕಾಯಿ, ಮೊಸರು ರುಬ್ಬಿ ಬೆಳ್ಳಿಯ ಲೋಟಕ್ಕೆ ಬಗ್ಗಿಸಿದ್ದಳು. ಹರಿದಾಸರು ತುಳಸಿದಳವಿಟ್ಟು ನೈವೇದ್ಯ ಮಾಡಿದರು. ತೀರ್ಥವಾಯಿತು. ಲೋಟ ಜಯಲಕ್ಷ್ಮೀಯ ಕೈಗೆ ಬಂತು.

ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಎಲ್ಲ ತಿಳಿದಿದೆ ಇವಳಿಗೆ, ಅಂದುಕೊಂಡರು. ನಂತರ ಒಂದು ಗುಟುಕು ಕುಡಿದರು.

ಹಸಿ ಅಗಸೆಯ ಕಹಿ ನಾಲಿಗೆಯಿಂದ ನೆತ್ತಿಗೆ ಏರಿತು. ಹಿಂದೆಯೇ ನೆಲ್ಲಿಯ ಒಗರು. ಕಣ್ಣಲ್ಲಿ ನೀರು ಬಂತು. ಉಗುಳುವಂತಿಲ್ಲ, ಪ್ರಸಾದ.

“ಸೊಪ್ಪು ಬೇಯಿಸಿದೆಯೇನೇ?” ಎಂದರು ಹೇಗೋ.

“ಇಲ್ಲ ಅತ್ತೆ. ಸ್ಮೂದಿಗೆ ಹಸೀನೇ ಅಲ್ವಾ. ಚೆನ್ನಾಗಿಲ್ವಾ? ನೈವೇದ್ಯಕ್ಕೆ ಅಂತ ನಾನು ರುಚಿ ನೋಡಿಲ್ಲ.”

ಪಾಲಕ್ ಸ್ಮೂದಿಯನ್ನು ದಿನವೂ ಬೆರಳದ್ದಿ ನೆಕ್ಕಿ ನೋಡುವ ಹುಡುಗಿ, ಇವತ್ತು ಈ ಮನೆಯ ಕಟ್ಟು ಮುರಿಯಬಾರದೆಂದು ನಾಲಿಗೆ ಬಿಗಿಹಿಡಿದಿದ್ದಳು. ಜಯಲಕ್ಷ್ಮೀ ಅವಳ ಅಂಗೈಗೆ ಒಂದು ಚಮಚ ಹಾಕಿದರು. ಸುಮೇಧಾಳ ಮುಖ ಹಿಂಡಿದ ನಿಂಬೆಯಂತಾಯಿತು.

“ಅಯ್ಯೋ ಅತ್ತೆ, ಸಾರಿ.”

“ನಮ್ಮ ಕತೆ ಇರಲಿ,” ಎಂದರು ಹರಿದಾಸರು ದೇವರ ಮಂಟಪದ ಕಡೆ ನೋಡುತ್ತ. “ನಮಗಿಂತ ಮುಂಚೆ ಅವನು ಕುಡಿದಿದಾನೆ, ಪಾಪ.”

ಮೊದಲು ನಕ್ಕವರು ಜಯಲಕ್ಷ್ಮೀ. ನಗುನಗುತ್ತ ದವಡೆಗೆ ಕೈಯಿಟ್ಟುಕೊಂಡರು. ಆ ಕೈಯನ್ನು ಅವರು ಮರೆಮಾಡಲಿಲ್ಲ.

“ತುಂಬಾ ನೋಯುತ್ತಾ?” ಸುಮೇಧಾ ಮೆಲ್ಲಗೆ ಕೇಳಿದಳು. “ಹಲ್ಲಿನ ಡಾಕ್ಟರ ಹತ್ರ ಹೋಗಿಬರೋಣ.”

“ಹೋಗೋಣ. ಅಷ್ಟರವರೆಗೆ ನಿನ್ನ ಮಿಕ್ಸಿನೇ ಗತಿ. ಆದರೆ ಹೀಗಲ್ಲ, ಬಾ ಇಲ್ಲಿ.”

ಇಬ್ಬರೂ ಕೈಬಾಯಿ ತೊಳೆದು ಬಂದ ಮೇಲೆ ಇನ್ನೊಂದು ಕಟ್ಟು ಸೊಪ್ಪನ್ನು ಬೇಯಿಸಿ, ಕಹಿನೀರು ಬಸಿದು, ತೆಂಗಿನತುರಿ ಜೀರಿಗೆಯೊಂದಿಗೆ ರುಬ್ಬಿಸಿದರು. ಮೊಸರು ಬೆರೆಯಿತು. ಸುಮೇಧಾ ಉಪ್ಪಿನ ಡಬ್ಬಿ ಹಿಡಿದು ನಿಂತಳು.

“ಎಷ್ಟು ಹಾಕಲಿ ಅತ್ತೆ? ರುಚಿ ನೋಡೋ ಹಾಗಿಲ್ಲ.”

“ಕೈ ಚಾಚು.” ಜಯಲಕ್ಷ್ಮೀ ಮೂರು ಬೆರಳಲ್ಲಿ ಉಪ್ಪು ಹಿಡಿದು ಸೊಸೆಯ ಅಂಗೈಗೆ ಉದುರಿಸಿದರು. “ಇಷ್ಟು. ಕೈಗೆ ಗೊತ್ತಾಗಲಿ.” ಆಮೇಲೆ ಗಂಡನ ಕಡೆ ತಿರುಗಿ, “ಏನ್ರೀ, ಇದನ್ನೂ ದೇವರಿಗೆ ತೋರಿಸಿ ಬನ್ನಿ. ಮೊದಲನೇದಕ್ಕೆ ಕ್ಷಮೆ ಕೇಳಿ,” ಎಂದರು.

ಎಲ್ಲರೂ ಎಲೆಯ ಮುಂದೆ ಕೂತರು. ಜಯಲಕ್ಷ್ಮೀಗೆ ಮೆತ್ತಗೆ ಕಲಸಿದ ಅನ್ನ, ಅದರ ಮೇಲೆ ಆ ಹಸಿರು. ತಡವಾಗಿ ಎದ್ದು ಬಂದ ಮಾನ್ಯಾ ಅಜ್ಜಿಯ ಎಲೆಗೂ ಅಮ್ಮನ ಮುಖಕ್ಕೂ ಕಣ್ಣಾಡಿಸಿ, “ಪಾಟಿ ಸ್ಮೂದಿ ಸಾಪಡ್ರಾಂಗಳಾ?” ಎಂದಳು.

“ಹೌದಮ್ಮ, ಸ್ಮೂದಿನೇ ತಿಂತಿದೀನಿ,” ಎಂದರು ಜಯಲಕ್ಷ್ಮೀ. “ನಾಳೆ ಕೋಸಂಬರಿ ಮಾಡ್ತೀನಿ. ಪಕ್ಕದಲ್ಲಿ ಕೂತು ಗಟ್ಟಿಯಾಗಿ ಅಗಿದು ತಿನ್ನು. ಬೇಳೆ ಸರಿಯಾಗಿ ನೆನೆದಿದೆಯಾ ಅಂತ ನನಗೆ ಕೇಳಿಸಬೇಕು.”