ನಾಗೇಂದ್ರಪ್ಪನವರ ಪರಿಚಯಕ್ಕೆ ಒಂದು ಸಾಲು

ಕಾದಂಬರಿಕಾರ ನಾಗೇಂದ್ರಪ್ಪನವರ ಪರಿಚಯವನ್ನು ಮೊದಲ ಸಲ ಟೈಪ್ ಮಾಡಿಕೊಟ್ಟವಳು ನಾನೇ. ಆಗ ಅದು ನಾಲ್ಕು ಸಾಲು ಇತ್ತು: ಹೆಸರು, ಊರು ಕೊಟ್ಟೂರು, ಸಹಕಾರ ಸಂಘದಲ್ಲಿ ಗುಮಾಸ್ತ, ಒಂದು ಕಾದಂಬರಿ ಬರೆದಿದ್ದಾರೆ. ಈಗ ಅದೇ ಪರಿಚಯ ನಾಲ್ಕು ಪುಟವಾಗಿದೆ. ಕಾದಂಬರಿ ಮಾತ್ರ ಇನ್ನೂ ಒಂದೇ ಇದೆ.

ನನ್ನ ಡಿಟಿಪಿ ಅಂಗಡಿ ಇರುವುದು ಕೊಟ್ಟೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ನಮ್ಮಪ್ಪ ನೂರಸಾಬ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದ ಮಳಿಗೆಯಲ್ಲಿ. ಮದುವೆ ಕಾರ್ಡು, ತಹಶೀಲ್ದಾರರಿಗೆ ಅರ್ಜಿ, ಶ್ರದ್ಧಾಂಜಲಿ ಬ್ಯಾನರು ಎಲ್ಲವೂ ನನ್ನ ಕೈಯಿಂದಲೇ ಹೋಗಬೇಕು. ಹಾಗಾಗಿ ಯಾರ ಮನೆಯಲ್ಲಿ ಏನು ನಡೆಯುತ್ತದೆ ಎನ್ನುವುದು ಊರಿಗಿಂತ ಎರಡು ದಿನ ಮೊದಲೇ ನನಗೆ ಗೊತ್ತಿರುತ್ತದೆ. ಶಬ್ನಮ್‌ಳ ಬಾಯಿ ಸ್ವಲ್ಪ ಜೋರು ಎಂದು ನಮ್ಮಮ್ಮ ಬಾನು ಬೀ ಬಂದವರಿಗೆಲ್ಲ ಹೇಳುತ್ತಾಳೆ. ಇದನ್ನು ಓದಿದ ಮೇಲೆ ನೀವೂ ಹಾಗೆ ಅಂದರೆ ನನ್ನದೇನೂ ತಕರಾರಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವರ ಆ ಒಂದು ಕಾದಂಬರಿ ಚೆನ್ನಾಗಿತ್ತು. ‘ಬದುವಿನ ಕಲ್ಲು’ ಅಂತ ಹೆಸರು. ಒಂದು ಗೇಣು ಸರಿದ ಬದುವಿನ ಕಲ್ಲಿಗಾಗಿ ಇಬ್ಬರು ಅಣ್ಣತಮ್ಮಂದಿರು ಇಡೀ ಜೀವಮಾನ ಮಾತು ಬಿಟ್ಟು ಕೂರುವ ಕಥೆ. ಕಚೇರಿ ಮುಗಿಸಿ ಬಂದು, ಗೆರೆ ಹಾಳೆಯಲ್ಲಿ ಬರೆದದ್ದನ್ನು ನನ್ನ ಮುಂದಿಟ್ಟು, ‘ತಪ್ಪಿದ್ರ ಬೈಯವ್ವ’ ಅನ್ನುತ್ತಿದ್ದರು. ತಮ್ಮ ಸತ್ತಾಗ ಅಣ್ಣ ಆ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುವ ಪುಟ ಟೈಪ್ ಮಾಡುವಾಗ ನಾನು ಅತ್ತಿದ್ದೆ. ಅದಕ್ಕೇ ನನಗೆ ಅವರ ಮೇಲೆ ಇಷ್ಟು ಸಿಟ್ಟು.

ಯಾವುದೋ ಸಂಘದವರು ಅದಕ್ಕೊಂದು ಪ್ರಶಸ್ತಿ ಕೊಟ್ಟರು. ಅಲ್ಲಿಂದ ಶುರುವಾಯಿತು. ಸೋಮವಾರ ಹಡಗಲಿಯಲ್ಲಿ ಸಂವಾದ, ಬುಧವಾರ ಹರಪನಹಳ್ಳಿ ಕಾಲೇಜಿನಲ್ಲಿ ಉಪನ್ಯಾಸ, ಶನಿವಾರ ಹಗರಿಬೊಮ್ಮನಹಳ್ಳಿಯಲ್ಲಿ ಕವಿಗೋಷ್ಠಿಯ ಅಧ್ಯಕ್ಷತೆ. ಕವಿತೆ ಒಂದನ್ನೂ ಬರೆದವರಲ್ಲ, ಆದರೂ ಅಧ್ಯಕ್ಷರು. ಪೂರ್ತಿ ವೇಳೆ ಬರೆಯಬೇಕೆಂದು ನೌಕರಿ ಬಿಟ್ಟರು. ಬಿಟ್ಟ ಮೇಲೆ ಬರೆಯಲು ಪುರುಸೊತ್ತೇ ಸಿಗಲಿಲ್ಲ. ‘ಬಸ್ಸಿನಾಗ ಬರೀತೀನಿ’ ಅನ್ನುತ್ತಿದ್ದರು. ಬಸ್ಸಿನಲ್ಲಿ ಅವರು ಬರೆಯುತ್ತಿದ್ದದ್ದು ವಾಟ್ಸಾಪ್ ಸ್ಟೇಟಸ್ಸು.

ಪ್ರಚಾರದ ವಿಷಯದಲ್ಲಿ ಅವರನ್ನು ಮೀರಿಸುವವರು ಐದು ತಾಲ್ಲೂಕಿನಲ್ಲಿ ಇಲ್ಲ. ಹೊಳಲಿನ ಅನಂತಶಯನ ಗುಡಿಗೆ ಹೋದರೂ ಪುಸ್ತಕ ಎದೆಗಿಟ್ಟುಕೊಂಡು ಒಂದು ಫೋಟೋ. ಹಿಂದೆ ದೇವರು ಆರಾಮಾಗಿ ಮಲಗಿದ್ದಾನೆ, ಮುಂದೆ ಇವರು ಎಚ್ಚರವಾಗಿ ನಿಂತಿದ್ದಾರೆ. ಅರಸೀಕೆರೆಯಲ್ಲಿ ಯಾರೋ ಒಬ್ಬರು ಪುಸ್ತಕ ಚೆನ್ನಾಗಿದೆ ಅಂದರೆ ಆ ಮಾತು ಹನ್ನೊಂದು ಗುಂಪುಗಳಿಗೆ ಹೋಗುತ್ತದೆ, ಅಂದವರ ಫೋಟೋ ಸಮೇತ.

ಸನ್ಮಾನದ ಶಾಲುಗಳು ಮನೆಯಲ್ಲಿ ಹಿಡಿಸದಂತಾದವು. ಅವರ ಹೆಂಡತಿ ರೇಣುಕಾ ಅಕ್ಕ ಅವನ್ನು ಮಿಕ್ಸರಿಗೆ, ಗ್ಯಾಸ್ ಸಿಲಿಂಡರಿಗೆ, ಸ್ಕೂಟಿಗೆ ಹೊದಿಸಿದಳು. ಒಂದು ದಿನ ನಾನು ಹೋದಾಗ ಫ್ರಿಜ್ಜಿನ ಮೇಲೆ ಜರಿ ಅಂಚಿನ ಶಾಲು, ಅದರ ಮೇಲೊಂದು ಮೈಸೂರು ಪೇಟ.

‘ನಮ್ಮನಿ ಫ್ರಿಜ್ಜಿಗೂ ಸನ್ಮಾನ ಆಗೇತಿ ನೋಡವ್ವ. ಅದರಾಗರ ಒಳಗ ಏನರ ಐತಿ’ ಅಂದಳು ಅಕ್ಕ.

ಈ ಕಾರ್ಯಕ್ರಮಗಳಿಗೆಲ್ಲ ನಿರೂಪಕ ಒಬ್ಬನೇ, ಕೂಡ್ಲಿಗಿಯ ಮೈಲಾರೇಶ್. ಗಂಟೆ ಬಾರಿಸಿದಂಥ ದನಿ. ಕೈಗೆ ಯಾವ ಹಾಳೆ ಕೊಟ್ಟರೂ ಅದೇ ರಾಗದಲ್ಲಿ ಓದುತ್ತಾನೆ, ಏನು ಓದುತ್ತಿದ್ದೇನೆ ಎಂಬ ತಲೆನೋವು ಇಟ್ಟುಕೊಂಡವನಲ್ಲ. ಒಮ್ಮೆ ನಾಗೇಂದ್ರಪ್ಪನವರ ಪರಿಚಯದ ಮೇಲ್ಗಡೆ ನಾನು ಬರೆದಿಟ್ಟಿದ್ದ ‘ಫೋಟೋ ಇಲ್ಲಿ ಅಂಟಿಸಿ’ ಎಂಬುದನ್ನೂ ಓದಿಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಪರಿಚಯ ಓದುವಾಗ ನಾಗೇಂದ್ರಪ್ಪನವರದು ಒಂದು ಪದ್ಧತಿ ಇದೆ. ಕಣ್ಣು ಮುಚ್ಚಿ, ತಲೆ ತುಸು ಬಗ್ಗಿಸಿ, ‘ಇದೆಲ್ಲ ನನಗ್ಯಾಕೆ’ ಎನ್ನುವಂತೆ ಮುಗುಳ್ನಗುತ್ತಾರೆ. ಚಪ್ಪಾಳೆ ಬಿದ್ದಾಗ ಕಣ್ಣು ತೆರೆದು ಕೈಮುಗಿಯುತ್ತಾರೆ. ಅಷ್ಟೂ ಹೊತ್ತು ಅವರಿಗೆ ಏನೂ ಕೇಳಿಸುವುದಿಲ್ಲ.

ನಾಗೇಂದ್ರಪ್ಪನವರಿಗೆ ಹುಲುಗಮ್ಮ ಸಿಕ್ಕಿದ್ದು ಇಂಥದ್ದೇ ಒಂದು ಕಾರ್ಯಕ್ರಮದಲ್ಲಿ, ಕಾನಹೊಸಹಳ್ಳಿಯಲ್ಲಿ. ಎಪ್ಪತ್ತರ ಆಚೆಯ ಮುದುಕಿ, ಬದುಕಿಡೀ ಕೂಲಿ ಮಾಡಿದವಳು. ಕಥೆ ಬರೆಯುವವರು ಬಂದಿದ್ದಾರೆಂದು ಕೇಳಿ, ಕೊನೆಯವರೆಗೂ ಕಾದು ಕೂತು, ವೇದಿಕೆ ಇಳಿದವರನ್ನು ತಡೆದು ನಿಲ್ಲಿಸಿದಳಂತೆ. ಅವಳ ಅಕ್ಕ ಗಾಳೆಮ್ಮ, ಹುಲುಗಮ್ಮ ಇನ್ನೂ ಚಿಕ್ಕವಳಿದ್ದಾಗ, ಹದಿನೇಳರ ಹುಡುಗಿ, ಕೂಡ್ಲಿಗಿ ಕಡೆಯ ಒಂದು ಕೆರೆ ಏರಿಯ ಕೆಲಸದಲ್ಲಿ ಮಣ್ಣು ಕುಸಿದು ಸತ್ತವಳು. ಅವತ್ತು ಅವ್ವನಿಗೆ ಜ್ವರ. ಅವ್ವನ ಬದಲು ಮಗಳು ಬುಟ್ಟಿ ಹೊರಲು ಹೋಗಿದ್ದಳು. ಹಾಜರಿ ಪುಸ್ತಕದಲ್ಲಿದ್ದದ್ದು ಅವ್ವನ ಹೆಸರು. ಅವ್ವ ಬದುಕಿದ್ದಳು. ಹಾಗಾಗಿ ಅವತ್ತು ಏರಿಯ ಮೇಲೆ ಯಾರೂ ಸತ್ತಿಲ್ಲ ಎಂದು ಗುತ್ತಿಗೆದಾರ ಬರೆದುಕೊಂಡು ಹೋದ.

‘ನಮ್ಮಕ್ಕ ಹುಟ್ಟಿದ್ದೂ ಯಾವ ಹಾಳ್ಯಾಗೂ ಇಲ್ಲ, ಸತ್ತಿದ್ದೂ ಇಲ್ಲ. ನಾ ಹ್ವಾದೆ ಅಂದ್ರ ಆಕಿ ಇದ್ಲು ಅಂತ ಹೇಳಾಕ ಒಬ್ರೂ ಇರಂಗಿಲ್ಲ. ನಿಮ್ಮ ಪುಸ್ತಕದಾಗ ಆಕಿ ಹೆಸರು ಅಚ್ಚಾಗ್ಲಿ ಯಪ್ಪಾ’ ಅಂದಳಂತೆ.

ನಾಗೇಂದ್ರಪ್ಪನವರು ಅವಳ ಕೈ ಹಿಡಿದು ಮಾತು ಕೊಟ್ಟರು. ಅದೂ ಫೋಟೋದಲ್ಲಿದೆ.

ಮೂರು ಸೋಮವಾರ ಹುಲುಗಮ್ಮ ಕೊಟ್ಟೂರಿಗೆ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದಳು. ಅವರು ಬರೆದುಕೊಂಡರು, ನಾನು ಟೈಪ್ ಮಾಡಿದೆ. ‘ಏರಿಯ ಮಣ್ಣು’ ಎಂಬ ಎರಡನೆಯ ಕಾದಂಬರಿ ಮೂವತ್ತೇಳು ಪುಟ ಆಯಿತು. ಮೂವತ್ತೇಳನೆಯ ಪುಟದಲ್ಲಿ ಗಾಳೆಮ್ಮ ಮೊದಲ ಬುಟ್ಟಿ ತಲೆಗೇರಿಸುತ್ತಾಳೆ. ನಾಗೇಂದ್ರಪ್ಪನವರಿಗೆ ಇಲ್ಲಿ ಹಬ್ಬ, ಅಲ್ಲಿ ಸಮ್ಮೇಳನ ಬಂದವು. ಆ ಹುಡುಗಿ ಮಣ್ಣಿನ ಬುಟ್ಟಿ ಹೊತ್ತು ನಿಂತವಳು ನಾಲ್ಕು ವರ್ಷ ಅಲ್ಲೇ ನಿಂತಳು.

ಬರೆಯಲಿಲ್ಲ ಅಂದರೆ ಹೇಳಲಿಲ್ಲ ಅಂತಲ್ಲ. ಎಲ್ಲ ವೇದಿಕೆಯಲ್ಲೂ ಹೇಳಿದರು. ‘ನನ್ನ ಮುಂದಿನ ಕಾದಂಬರಿ ಹೆಸರಿಲ್ಲದೆ ಸತ್ತ ಒಬ್ಬ ಹೆಣ್ಣುಮಗಳದು’ ಎಂದು ಶುರು ಮಾಡಿ, ನಡುವೆ ಗಂಟಲು ಕಟ್ಟಿ, ಒಂದು ಗುಟುಕು ನೀರು ಕುಡಿದು ಮುಂದುವರಿಯುತ್ತಿದ್ದರು. ನೀರು ಕುಡಿಯುವ ಜಾಗ ಎಲ್ಲ ಊರಲ್ಲೂ ಒಂದೇ. ಇಷ್ಟೆಲ್ಲ ಹೇಳಿಯೂ ಅವಳ ಹೆಸರನ್ನು ಒಮ್ಮೆಯೂ ಹೇಳಲಿಲ್ಲ, ಹೇಳಿದರೆ ಕುತೂಹಲ ಹೋಗುತ್ತದಂತೆ.

ಹೋದ ವರ್ಷ ಕೂಡ್ಲಿಗಿಯ ನುಡಿಹಬ್ಬಕ್ಕೆ ಬೆಂಗಳೂರಿನ ದೊಡ್ಡ ವಿಮರ್ಶಕರೊಬ್ಬರು ಬರುವುದು ಗಟ್ಟಿಯಾಯಿತು. ಅವರ ಕೈಯಿಂದಲೇ ‘ಏರಿಯ ಮಣ್ಣು’ ಬಿಡುಗಡೆ ಎಂದು ಆಹ್ವಾನ ಪತ್ರಿಕೆ ನನ್ನ ಹತ್ತಿರ ಬಂತು. ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ.

‘ಸರ್, ಪುಸ್ತಕ ಎಲ್ಲೈತ್ರಿ?’

‘ಬಿಡುಗಡಿಗೆ ಪುಸ್ತಕ ಯಾಕ ಬೇಕವ್ವ? ಬಣ್ಣದ ಹಾಳ್ಯಾಗ ಸುತ್ತಿ, ರಿಬ್ಬನ್ ಕಟ್ಟಿ ಕೊಡ್ತಾರ. ಬಿಚ್ಚತಾರ, ಎದಿಗೆ ಹಿಡೀತಾರ, ಫೋಟೋ ತೆಗಸ್ತಾರ, ಟೇಬಲ್ ಮ್ಯಾಲ ಇಡ್ತಾರ. ಒಳಗ ತೆಗದು ನೋಡಿದವ್ರನ್ನ ನೀ ಎಂದರ ಕಂಡೀ ಏನು?’

ಕಂಡಿರಲಿಲ್ಲ. ಅಟ್ಟದ ಮೇಲೆ ‘ಬದುವಿನ ಕಲ್ಲು’ ಪುಸ್ತಕಗಳು ರಾಶಿ ಉಳಿದಿದ್ದವು. ಅವುಗಳಲ್ಲಿ ಆರರ ರಟ್ಟನ್ನೂ ಹೆಸರಿರುವ ಮೊದಲ ಹಾಳೆಯನ್ನೂ ಕಿತ್ತು ಹೊಸ ರಟ್ಟು ಅಂಟಿಸುವುದು, ಉಳಿದ ಪ್ರತಿ ಬೈಂಡಿಂಗಿನಲ್ಲಿವೆ ಎಂದು ಘೋಷಿಸುವುದು, ಆಮೇಲೆ ನಿಧಾನಕ್ಕೆ ಬರೆಯುವುದು. ಇದು ಏರ್ಪಾಡು. ಹೊಸ ರಟ್ಟು ಮಾಡಿಕೊಟ್ಟವಳು ನಾನು. ಮಾಡಲ್ಲ ಅನ್ನಬಹುದಿತ್ತು, ಅನ್ನಲಿಲ್ಲ. ಏರಿ, ಬುಟ್ಟಿ, ಕೆಂಪು ಆಕಾಶ ಹಾಕಿ ಚಂದ ಮಾಡಿದ್ದೆ ಬೇರೆ.

ವೇದಿಕೆಯ ಮೇಲೆ ಹುಲುಗಮ್ಮನನ್ನೂ ಕರೆದು ಶಾಲು ಹೊದಿಸಿದರು. ಯಾರೋ ಉತ್ಸಾಹಿಗಳು ಆರನೆಯ ಕಟ್ಟನ್ನು ಅವಳ ಕೈಗಿಟ್ಟರು. ಉಳಿದ ಐವರು ರಿಬ್ಬನ್ ಬಿಚ್ಚಿ, ಪುಸ್ತಕ ಎದೆಗಿಟ್ಟು, ಕ್ಯಾಮೆರಾ ನೋಡಿ ನಕ್ಕರು. ಹುಲುಗಮ್ಮನಿಗೆ ಈ ಪದ್ಧತಿ ಗೊತ್ತಿಲ್ಲ. ಕಟ್ಟನ್ನು ಬಿಚ್ಚದೆ, ಕಣ್ಣಿಗೊತ್ತಿಕೊಂಡು, ಸೆರಗಿನಲ್ಲಿ ಸುತ್ತಿ, ವೇದಿಕೆ ಇಳಿದು ನೇರ ಬಸ್ಸಿಗೆ ಹೋದಳು. ನಾಗೇಂದ್ರಪ್ಪನವರು ಮೇಲಿನಿಂದ, ಸಭೆಯಲ್ಲಿದ್ದ ನನಗೆ ಕಣ್ಸನ್ನೆ ಮಾಡಿದರು, ಅದನ್ನು ವಾಪಸ್ ತಗೋ ಎಂದು. ನಾನು ಬಾಗಿಲವರೆಗೆ ಹೋದೆ. ಆ ಮುದುಕಿಯ ಸೆರಗಿಗೆ ಕೈ ಹಾಕಲು ನನ್ನಿಂದ ಆಗಲಿಲ್ಲ.

ಹನ್ನೆರಡು ದಿನ ಬಿಟ್ಟು ಹುಲುಗಮ್ಮ ಅಂಗಡಿಗೆ ಬಂದಳು. ಅದೇ ಸ್ಟೂಲಿನ ಮೇಲೆ ಕೂತು ಪುಸ್ತಕ ತೆಗೆದಳು.

‘ನನ್ನ ಮಗ ಪಾಲಣ್ಣ ದಿನಾ ಆಟೋ ನಿಲ್ಲಿಸಿ ಬಂದು ಓದಿ ಹೇಳ್ಯಾನವ್ವ. ಒಂದೊಂದ ಅಕ್ಷರ ಕೂಡಿಸಿ ಓದ್ತಾನ. ಅರ್ಧ ಆಗೇತಿ. ಅಣ್ಣತಮ್ಮ ಅದಾರ, ಕಲ್ಲಿನ ಜಗಳ ಐತಿ. ನಮ್ಮಕ್ಕ ಇನ್ನೂ ಬಂದಿಲ್ಲ. ದೊಡ್ಡ ಪುಸ್ತಕ, ಮುಂದ ಎಲ್ಲೋ ಇಟ್ಟಿರಬೇಕು. ನೀ ಬರೋಬ್ಬರಿ ಓದಾಕಿ, ಎಲ್ಲಿ ಬರ್ತಾಳ ತೆಗದು ತೋರಸು. ಅಲ್ಲಿಂದ ಓದಿಸ್ತೀನಿ.’

ಪುಸ್ತಕ ನನ್ನ ಕೈಯಲ್ಲಿತ್ತು. ಅರ್ಧಕ್ಕೆ ಒಂದು ಬಸ್ ಟಿಕೆಟ್ ಗುರುತಿಗೆ ಇಟ್ಟಿದ್ದರು. ಎರಡು ಪುಟ ತಿರುವಿದಂತೆ ಮಾಡಿದೆ. ಆಮೇಲೆ ಎಲ್ಲ ಹೇಳಿದೆ, ರಟ್ಟು ನಾನೇ ಮಾಡಿದ್ದನ್ನೂ ಹೇಳಿದೆ.

ಹುಲುಗಮ್ಮ ಬಯ್ಯಲಿಲ್ಲ. ರಟ್ಟಿನ ಮೇಲಿನ ಬುಟ್ಟಿಯ ಚಿತ್ರವನ್ನು ಬೆರಳಿನಿಂದ ಸವರಿದಳು.

‘ಆತ ದೊಡ್ಡ ಮನಶ್ಯಾ, ಆತಗ ಕೆಲಸ ಇರ್ತಾವ. ನೀನೂ ಮಾಡಿಕೊಟ್ಟೆಲ್ಲ ಯವ್ವಾ. ಇಲ್ಲೇ ಕುಂತು ನಾ ಅತ್ತಾಗ ನೀರು ಕೊಟ್ಟಾಕಿ ನೀನ.’

ನಾನು ಪುಸ್ತಕವನ್ನು ಕಂಪ್ಯೂಟರಿನ ಪಕ್ಕಕ್ಕೆ ಸರಿಸಿಟ್ಟೆ.

‘ನನಗ ಕಥಿ ಬ್ಯಾಡ’ ಅಂದಳು ಏಳುತ್ತಾ. ‘ಒಂದು ಸಾಲು ಸಾಕು. ನಮ್ಮಕ್ಕನ ಹೆಸರು ಇರಬೇಕು, ನಾಕು ಮಂದಿ ಓದಬೇಕು. ಅಷ್ಟ.’

ನಾಲ್ಕು ಜನ ಓದುವಂಥದ್ದು ನಾಗೇಂದ್ರಪ್ಪನವರು ಬರೆಸಿದ್ದರಲ್ಲಿ ಯಾವುದಿದೆ? ಅವತ್ತಿಡೀ ಯೋಚಿಸಿದೆ. ಒಂದೇ ಒಂದಿತ್ತು, ಅವರ ಪರಿಚಯ. ಅದನ್ನು ವಾರಕ್ಕೆರಡು ಸಲ ಮೈಕಿನಲ್ಲಿ ಓದುತ್ತಾರೆ. ಸ್ಮರಣ ಸಂಚಿಕೆಗಳಲ್ಲಿ ಅಚ್ಚು ಹಾಕುತ್ತಾರೆ. ಅದನ್ನು ತಿರುವಿ ನೋಡದೇ ಇರುವವರು ಅವರೊಬ್ಬರೇ. ಅದರಲ್ಲಿ ಅವರು ನೋಡುವುದು ಫೋಟೋ ಮಾತ್ರ.

ಹಡಗಲಿಯ ಸಾಹಿತ್ಯ ಹಬ್ಬಕ್ಕೆ ಪರಿಚಯ ಕಳಿಸುವಾಗ ಮೂರನೆಯ ಪುಟದಲ್ಲಿ, ‘ಹಲವು ಸಂಘಗಳ ಗೌರವಾಧ್ಯಕ್ಷರು’ ಎಂಬುದರ ಕೆಳಗೆ, ನಾನು ಒಂದು ಸಾಲು ಸೇರಿಸಿದೆ. ‘ಕೆರೆ ಏರಿಯ ಕೆಲಸದಲ್ಲಿ ಮಣ್ಣು ಕುಸಿದು ಸತ್ತು, ಹಾಜರಿ ಪುಸ್ತಕದಲ್ಲಿ ತಾಯಿಯ ಹೆಸರಿದ್ದ ಕಾರಣ ಸತ್ತವರ ಲೆಕ್ಕಕ್ಕೂ ಸೇರದೆ ಹೋದ ಕೂಡ್ಲಿಗಿ ಸೀಮೆಯ ಗಾಳೆಮ್ಮನ ಕಥೆಯನ್ನು ಬರೆಯುವುದಾಗಿ ಆಕೆಯ ತಂಗಿ ಹುಲುಗಮ್ಮನಿಗೆ ಮಾತು ಕೊಟ್ಟು, ನಾಲ್ಕು ವರ್ಷಗಳಿಂದ ಬರೆಯದೇ ಇದ್ದಾರೆ.’

ಹುಲುಗಮ್ಮನನ್ನು ಕರೆದುಕೊಂಡು ಹಡಗಲಿಗೆ ಹೋದೆ. ಹೆಂಗಸರ ಸಾಲಿನಲ್ಲಿ ಕೂತೆವು. ಮೈಲಾರೇಶ್ ಹಾಳೆ ಹಿಡಿದು ನಿಂತ. ನಾಗೇಂದ್ರಪ್ಪನವರು ಕಣ್ಣು ಮುಚ್ಚಿದರು, ತಲೆ ಬಗ್ಗಿಸಿದರು, ಮುಗುಳ್ನಕ್ಕರು. ಮೂರನೆಯ ಪುಟ ಬಂತು. ಮೈಲಾರೇಶ್ ಅದೇ ರಾಗದಲ್ಲಿ, ಗಾಳೆಮ್ಮ ಎಂಬಲ್ಲಿ ದನಿ ಏರಿಸಿ, ‘ಬರೆಯದೇ ಇದ್ದಾರೆ’ ಎಂಬಲ್ಲಿ ಇನ್ನೂ ಏರಿಸಿ ನಿಲ್ಲಿಸಿದ. ಸಭೆ ಚಪ್ಪಾಳೆ ತಟ್ಟಿತು. ನಾಗೇಂದ್ರಪ್ಪನವರು ಕಣ್ಣು ತೆರೆದು ಎಲ್ಲರಿಗೂ ಕೈಮುಗಿದರು.

ಹುಲುಗಮ್ಮ ಚಪ್ಪಾಳೆ ತಟ್ಟಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ‘ಮೈಕಿನಾಗ ಬಂತು ನೋಡು ನಮ್ಮಕ್ಕನ ಹೆಸರು’ ಅಂದಳು. ನನ್ನ ಕಡೆ ತಿರುಗಿ, ‘ಮತ್ತ ಎಂದು ಓದ್ತಾರ?’ ಎಂದು ಕೇಳಿದಳು.

ಸ್ಮರಣ ಸಂಚಿಕೆಯಲ್ಲೂ ಆ ಸಾಲು ಅಚ್ಚಾಯಿತು. ಹುಲುಗಮ್ಮ ಆ ಪುಟವನ್ನು ತನ್ನ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ. ನನಗೆ ಬೈಗುಳ ಕಾದಿದೆ ಎಂದು ದಿನಾ ಕಾಯುತ್ತಿದ್ದೆ. ಹದಿನೈದು ದಿನಕ್ಕೆ ನಾಗೇಂದ್ರಪ್ಪನವರು ಬಂದರು, ಹೊಸ ಜುಬ್ಬಾ, ಮುಖದ ತುಂಬ ಸಂತೋಷ.

‘ಶಬ್ನಮ್, ಹಡಗಲ್ಯಾಗ ಪರಿಚಯಕ್ಕ ಏನ್ ಚಪ್ಪಾಳಿ ಬಿತ್ತವ್ವ! ಒಬ್ಬ ಪ್ರೊಫೆಸರ್ ಕೈ ಹಿಡಕೊಂಡು, ಸರ್, ಆ ಒಂದು ಸಾಲು ಎದಿಗೆ ನಾಟ್ತು ಅಂದ. ಯಾವ ಸಾಲು ಅಂತ ನಾ ಕೇಳ್ಲಿಲ್ಲ. ನೀ ಏನೂ ತೆಗೀಬ್ಯಾಡ, ಇದ್ದಂಗ ಇಡು. ಎಲ್ಲಾ ಕಡೆ ಇದ ಹೋಗ್ಲಿ.’

‘ಆಗ್ಲಿ ಸರ್’ ಅಂದೆ.

ಹಾಗೇ ಇಟ್ಟಿದ್ದೇನೆ. ಹರಪನಹಳ್ಳಿಯಲ್ಲಿ ಓದಿದರು, ಹಗರಿಬೊಮ್ಮನಹಳ್ಳಿಯಲ್ಲಿ ಎರಡು ಸಲ ಓದಿದರು, ಮುಂದಿನ ತಿಂಗಳು ಕಾನಹೊಸಹಳ್ಳಿಯಲ್ಲಿದೆ. ಮೊನ್ನೆ ಹೊಸ ವರ್ಷ ಬಂದಾಗ ಒಂದೇ ಒಂದು ತಿದ್ದುಪಡಿ ಮಾಡಿದೆ. ‘ನಾಲ್ಕು ವರ್ಷ’ ಎಂದಿದ್ದದ್ದನ್ನು ‘ಐದು ವರ್ಷ’ ಮಾಡಿದೆ.