ಓರಹಾ ಮಾಮ ಕೆತ್ತದೆ ಬಿಟ್ಟ ಸಾಲು

ಇಲ್ಲ, ಆ ಸಾಲನ್ನು ಮಾಮ ಕೆತ್ತಲೇ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಓರಹಾ ಮಾಮ ನಿನೆವೆ ಬಯಲಿನ ನಮ್ಮ ಹಳ್ಳಿ ಕರಮ್ಲೇಸಿನ ಕಲ್ಲುಕುಟಿಗ. ಅವರ ಅಂಗಳ ನಮ್ಮ ಗೋಡೆಗೆ ಅಂಟಿಕೊಂಡೇ ಇದೆ. ಉಳಿಯ ಸದ್ದು ಕೇಳದೆ ನನಗೆ ಬೆಳಗಾಗುವುದೇ ಇಲ್ಲ. ನಾವು ಕಲ್ದೀಯ ಕ್ರೈಸ್ತರು, ಅಬ್ರಹಾಮನನ್ನೇ ನಮ್ಮವರು ಓರಹಾ ಅನ್ನುವುದು. ಕಲ್ದೀಯರ ಊರ್ ಪಟ್ಟಣದಿಂದ ಹೊರಟನಲ್ಲ, ಅದೇ ಅಬ್ರಹಾಮ. ಯುದ್ಧದಲ್ಲಿ ಓಡಿಹೋಗಿ ಮೂರು ವರ್ಷಕ್ಕೆ ನಾವು ವಾಪಸು ಬಂದಾಗ ಸ್ಮಶಾನದಲ್ಲಿ ಒಂದು ಶಿಲುಬೆಯೂ ನೆಟ್ಟಗಿರಲಿಲ್ಲ. ಮಾಮ ತಮ್ಮ ಮನೆಗೆ ಬಾಗಿಲು ಕೂರಿಸುವ ಮೊದಲು ಗೋರಿಕಲ್ಲುಗಳನ್ನು ಒಂದೊಂದಾಗಿ ಮತ್ತೆ ಕೆತ್ತಿದರು.

ಹೋದ ಚಳಿಗಾಲದಲ್ಲಿ ಊರಾಚೆಯ ದಿಬ್ಬ ಅಗೆಸಿದ ಪುರಾತತ್ವ ಇಲಾಖೆಯ ಅಧಿಕಾರಿ ಅಲ್ಲಿ ನಿಲ್ಲಿಸುವ ಫಲಕದ ಕೆಲಸ ಕೊಟ್ಟರು. ಈ ಬಯಲನ್ನು ಆಳಿದವರ ಬಗ್ಗೆ ಒಂದೊಂದು ಸಾಲು. ಆಳೆತ್ತರದ ಅಮೃತಶಿಲೆ!

"ಗೋರಿ ಅಲ್ಲದ ಕಲ್ಲು ಒಂದಾದ್ರೂ ನನ್ನ ಕೈಲಾಗ್ಲಿ ಅಂತಿದ್ದೆ ಕಣೇ," ಅಂತ ಮಾಮ ನನ್ನೆದುರು ಮಗುವಿನ ಹಾಗೆ ನಕ್ಕಿದ್ದರು. ಅಸ್ಸೀರಿಯದವರ ಸಾಲು, ಮೇದ್ಯರ ಸಾಲು, ಪಾರಸಿಯರ ಸಾಲು ಮುಗಿದವು. ನಮ್ಮ ಸಾಲನ್ನು ಅಧಿಕಾರಿ ಕೊನೆಗೆ ಬರೆದು ತಂದರು.

ಅವತ್ತು ನಿನೆವೆಯ ಉಪವಾಸದ ಮೂರನೆಯ ದಿನ. ಊರು ಹಾಳಾಗುತ್ತದೆ ಅಂತ ಪ್ರವಾದಿ ಯೋನ ಸಾರಿದಾಗ ರಾಜನಿಂದ ದನಕರುಗಳ ತನಕ ಎಲ್ಲರೂ ಅನ್ನನೀರು ಬಿಟ್ಟರಲ್ಲ, ನಾವು ಇವತ್ತಿಗೂ ಬಿಡುತ್ತೇವೆ. ಮಾಮನ ಮನೆಯಲ್ಲಂತೂ ಮೇಕೆಗೂ ಮಧ್ಯಾಹ್ನದವರೆಗೆ ಮೇವಿಲ್ಲ. ಅದು ಒಂದೇ ಸಮನೆ ಅರಚುತ್ತಿತ್ತು.

"ಮುಖ ಯಾಕಿಷ್ಟು ಬಾಡಿದೆ? ಟೀ ಕುಡೀರಿ ಓರಹಾ," ಅನ್ನುತ್ತ ಅಧಿಕಾರಿ ಫ್ಲಾಸ್ಕು ತೆಗೆದರು.

"ಉಪವಾಸ ಸಾಹೇಬ್ರೆ. ಮೊದ್ಲು ಕಾಗದ ಓದಿ."

ಅವರು ಓದಿದರು: "ಕಲ್ದೀಯರು: ನಕ್ಷತ್ರ ನೋಡಿ ಶಕುನ ಹೇಳುತ್ತಿದ್ದವರು, ಯೆರೂಸಲೇಮನ್ನು ಸುಟ್ಟವರು. ಬಾಬಿಲೋನ್ ಬಿದ್ದ ಮೇಲೆ ನಾಶವಾದರು."

ಮಾಮ ಉಳಿ ಕೆಳಗಿಟ್ಟರು. "ಯಾರು ನಾಶವಾದೋರು?"

"ಅಯ್ಯೋ, ಅದು ಹಳೇ ಕಲ್ದೀಯರು. ನೀವು ಬೇರೆ. ಹೆಸರೊಂದೇ ಅಷ್ಟೆ."

"ರಕ್ತ ಅದೇನಾ ಅಂತ ನಂಗೂ ಗೊತ್ತಿಲ್ಲ, ನಿಮ್ಗೂ ಗೊತ್ತಿಲ್ಲ. ಆದ್ರೆ ಆ ಹೆಸರು ಹೊತ್ಕೊಂಡು ಏಟು ತಿಂದೋರು ನಾವು. ಮೂರು ದಿನದಿಂದ ಹೊಟ್ಟೆ ಸುಡ್ತಿದೆ. ನಾಶವಾದೋನಿಗೆ ಹಸಿವಾಗುತ್ತಾ ಸಾಹೇಬ್ರೆ?"

ಒಳಗಿಂದ ಮಾಮನ ಹೆಂಡತಿ ಶಮೂನಿ ಅತ್ತೆಯೂ ಬಿಡಲಿಲ್ಲ. "ನಾಶವಾದೋರ ಮನೇಲಿ ನಾನ್ಯಾಕೆ ದಿನಾ ಇಷ್ಟು ಬಟ್ಟೆ ಒಗೀತಿದೀನಿ, ಅದನ್ನೂ ಬರೀರಿ!"

ಅಧಿಕಾರಿ ಕೆಂಪಾದರು. "ಪುಸ್ತಕದಲ್ಲಿ ಹೀಗೇ ಇದೆ. ಕೆತ್ತೋದು ನಿಮ್ಮ ಕೆಲಸ, ಇತಿಹಾಸ ಹೇಳೋದಲ್ಲ."

"ಹಂಗಾದ್ರೆ ಇದೂ ಗೋರಿಕಲ್ಲೇ ಆಯ್ತು. ಬದುಕಿರೋರ ಗೋರಿ ನಾನು ಕೆತ್ತಲ್ಲ. 'ಇಲ್ಲೇ ಇದ್ದಾರೆ' ಅಂತ ಎರಡು ಪದ ಬರ್ಕೊಡಿ, ಸಂಜೆಯೊಳಗೆ ಮುಗಿಸ್ತೀನಿ."

ಎರಡೇ ಪದ! ಅಷ್ಟನ್ನು ಬರೆಯಲು ಆ ಮನುಷ್ಯನ ಕೈಲಿ ಆಗಲಿಲ್ಲ. ಮರುದಿನ ಲಾರಿ ಬಂದು ಕಲ್ಲನ್ನು ಹೊತ್ತುಕೊಂಡು ಹೋಯಿತು. ಮಾಮ ಅದರ ಅಂಚನ್ನು ಒಮ್ಮೆ ಸವರಿ ಒಳಗೆ ಹೋದರು. ಎರಡು ದಿನ ಉಳಿ ಮುಟ್ಟಲಿಲ್ಲ. ಆ ಸಾಲನ್ನು ಪಟ್ಟಣದಲ್ಲಿ ಯಂತ್ರ ಕೊರೆಯಿತು. ಮೇಲಿನ ಮೂರು ಸಾಲು ಮಾಮನ ಕೈಬರಹ, ಕೊನೆಯದು ಯಂತ್ರದ್ದು. ಕುರುಡನೂ ಸವರಿ ಹೇಳಿಬಿಡಬಹುದು, ಅಷ್ಟು ಸೆಟೆದುಕೊಂಡ ಅಕ್ಷರ.

ಕಲ್ಲು ಈಗ ದಿಬ್ಬದ ಮೇಲೆ ನಿಂತಿದೆ. ಬಸ್ಸಿನಲ್ಲಿ ಬರುವವರು ಆ ಸುಳ್ಳಿನ ಫೋಟೋ ಹೊಡೆದುಕೊಂಡು ಹಾಗೇ ವಾಪಸು ಹೋಗುತ್ತಾರೆ. ದಿಬ್ಬದಿಂದ ಮಾಮನ ಮನೆಗೆ ಹತ್ತು ನಿಮಿಷದ ನಡಿಗೆಯೂ ಇಲ್ಲ! ನೀವು ಹಾಗೆ ಮಾಡಬೇಡಿ. ಕಲ್ಲು ಓದಿ, ಆಮೇಲೆ ಇಳಿದು ಬನ್ನಿ, ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಹೋಗಿ ಓರಹಾ ಮಾಮನನ್ನು ಕಂಡು ಮಾತಾಡಿಸಿ.