ಮುಂದಿನ ಬೆಂಚಿನ ಲೆಕ್ಕ

ಇಂಟರ್‌ಮೀಡಿಯೆಟ್‌ನ ಗಣಿತದ ತರಗತಿಯಲ್ಲಿ ಹುಡುಗಿಯರು ಅಂತ ಇದ್ದದ್ದು ಇಬ್ಬರೇ, ನಾನು ಮತ್ತು ನನ್ನ ಗೆಳತಿ. ಮುಂದಿನ ಬೆಂಚು ನಮ್ಮದು. ನಾನು ಇಲವಾಲದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಅವಳು ಯಾದವಗಿರಿಯಿಂದ ನಡೆದು. ಐವತ್ತರ ದಶಕದ ಮೈಸೂರು. ಹುಡುಗರು ನಮ್ಮನ್ನು ಮಾತಾಡಿಸುತ್ತಿರಲಿಲ್ಲ, ನಾವೂ ಆ ಗೋಜಿಗೆ ಹೋಗಲಿಲ್ಲ. ಒಬ್ಬಳಿಗೆ ಇನ್ನೊಬ್ಬಳೇ ಗತಿ.

ಕಡಕೊಳದ ಕಡೆಯ ಸಂಬಂಧ ಕೂಡಿಬಂದು ಅವಳ ಮದುವೆ ಗೊತ್ತಾಯಿತು. "ಓದೋಕೆ ಕಳಿಸ್ತೀವಿ ಅಂದಿದ್ದಾರೆ ಕಣೇ. ನನ್ನ ಜಾಗ ಯಾರಿಗೂ ಬಿಟ್ಕೊಡಬೇಡ, ಬಂದ್ಬುಡ್ತೀನಿ," ಎಂದಳು. ಕಾಂಪಾಸ್ ಪೆಟ್ಟಿಗೆಯನ್ನೂ ನನ್ನ ಹತ್ತಿರವೇ ಬಿಟ್ಟು ಹೋದಳು. ಆ ಜಾಗ ಕೇಳುವವರಾದರೂ ಯಾರಿದ್ದರು? ಆದರೂ ನಾನು ಬೆಂಚಿನ ಒಂದು ತುದಿಗೇ ಅಂಟಿಕೊಂಡು ಕೂರುತ್ತಿದ್ದೆ.

ನಮ್ಮ ಗಣಿತದ ಮೇಷ್ಟ್ರಿಗೆ ಒಂದು ಹುಚ್ಚು. ಲೆಕ್ಕ ಬಿಡಿಸಿ ಅನ್ನುತ್ತಿರಲಿಲ್ಲ. ಕೊಟ್ಟ ವಿವರ ಬಿಡಿಸುವುದಕ್ಕೆ ಸಾಕೋ ಸಾಲದೋ, ಅಷ್ಟು ಹೇಳಿ ಅನ್ನುತ್ತಿದ್ದರು. ನನಗೂ ಆ ಚಟ ಹತ್ತಿತು. ಬಸ್ಸಿನಲ್ಲಿ ಕೂತು, ಅವಳು ಬರುತ್ತಾಳೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೆ. ಬರುತ್ತೇನೆ ಅಂದಿದ್ದಾಳೆ, ಅದೊಂದು ವಿವರ. ಪೆಟ್ಟಿಗೆ ವಾಪಸು ಕೇಳಿಲ್ಲ, ಅದು ಇನ್ನೊಂದು. ಏನನ್ನೂ ಹೇಳಲು ಸಾಲದು ಎಂದುಕೊಂಡು ಸಮಾಧಾನಪಡುತ್ತಿದ್ದೆ. ಸಾಲದು ಎಂದರೆ ಆಸೆ ಇನ್ನೂ ಇದೆ ಎಂದೇ ತಾನೇ.

ದಸರಾ ರಜೆ ಮುಗಿಯಿತು, ಅವಳು ಬರಲಿಲ್ಲ. ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ಮೂವರು ಕೂರುವ ಬೆಂಚು ಕೆಲವು, ಐವರು ಕೂರುವವು ಕೆಲವು. ಎಲ್ಲವೂ ಭರ್ತಿಯಾದರೆ ಇಪ್ಪತ್ತೆರಡು ಜನ. ಯಾವುದು ಎಷ್ಟು?

"ಮೂವರ ಬೆಂಚುಗಳೇ ಹೆಚ್ಚು ಅಂತ ಇನ್ನೊಂದು ವಿವರ ಕೊಡಲೋ, ಇಷ್ಟೇ ಸಾಕೋ?"

ನಾನು ಎದ್ದು ನಿಂತೆ. "ಅದು ಸೇರಿದ್ರೂ ಸಾಲದು ಸರ್. ಗೊತ್ತಿಲ್ಲದ್ದು ಎರಡು, ಸಮೀಕರಣ ಒಂದೇ."

"ಅರ್ಧ ಬೆಂಚು ಅಂತ ಯಾರಾದ್ರೂ ಮಾಡಿಸ್ತಾರೇನಮ್ಮ? ಐವರದ್ದು ಒಂದು, ಎರಡು, ಮೂರು ಅಂತ ಇಟ್ಟು ನೋಡು."

ನೋಡಿದೆ. ಐವರದು ಎರಡು, ಮೂವರದು ನಾಲ್ಕು. ಬೇರೆ ಯಾವುದೂ ಹೊಂದಲಿಲ್ಲ. ಮೊದಲ ವಿವರವೊಂದೇ ಸಾಕಾಗಿತ್ತು. ನನಗೆ ರೇಗಿತು.

"ಪೂರ್ಣಾಂಕವೇ ಆಗಿರಬೇಕು ಅಂತ ತಾವು ಹೇಳಲಿಲ್ವಲ್ಲ ಸರ್."

"ಎಲ್ರಿಗೂ ಗೊತ್ತಿರೋದನ್ನ ಬೇರೆ ಹೇಳ್ಬೇಕೇನಮ್ಮ?"

ಕುಳಿತೆ. ಮದುವೆಯಾಗಿ ಹೋದ ಹುಡುಗಿ ಕಾಲೇಜಿಗೆ ಮರಳಿದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅದು ಅವಳ ಮನೆಯವರಿಗೆ ಗೊತ್ತಿತ್ತು, ನಮ್ಮಮ್ಮನಿಗೆ ಗೊತ್ತಿತ್ತು, ಹಿಂದಿನ ಬೆಂಚಿನ ಹುಡುಗರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಮೇಷ್ಟ್ರು ಮುಂದಿನ ಲೆಕ್ಕ ಬರೆಯಲು ಬೋರ್ಡಿನ ಕಡೆ ತಿರುಗಿದಾಗ, ನಾನು ಬೆಂಚಿನ ನಡುವಿಗೆ ಸರಿದು ಕುಳಿತೆ.